ರಾಜಕೀಯದಲ್ಲಿ ‘ಟ್ರಯಾಂಗ್ಯುಲೇಶನ್’ ಅಂದರೆ ಏನು?

ಮೂಲದಲ್ಲಿ ಇದು ಭೂಮಿ ಅಳೆಯುವವರ ಮಾತು. ಕೆರೆಯ ಆಚೆ ದಡದಲ್ಲಿ ಒಂದು ಗುಡಿ ಇದೆ ಅಂದುಕೊಳ್ಳಿ. ನೀರಿಗೆ ಇಳಿಯದೆ ಅದರ ದೂರ ತಿಳಿಯಬೇಕು. ಈಚೆ ದಡದಲ್ಲಿ ನೂರು ಅಡಿ ಅಂತರಕ್ಕೆ ಎರಡು ಗೂಟ ನೆಡಿ. ಒಂದೊಂದರ ಹತ್ತಿರವೂ ನಿಂತು ಗೋಪುರ ಯಾವ ಕೋನದಲ್ಲಿ ಕಾಣುತ್ತದೆ ಅಂತ ಅಳೆಯಿರಿ. ಒಂದು ಬದಿ, ಎರಡು ಕೋನ ಸಿಕ್ಕರೆ ತ್ರಿಕೋನ ಪೂರ್ತಿ ಸಿಕ್ಕ ಹಾಗೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ದೊಡ್ಡ ಸರ್ವೆ ಇದೇ ಲೆಕ್ಕದ ಮೇಲೆ ನಡೆಯಿತು.

ಈ ಪದವನ್ನು ರಾಜಕೀಯಕ್ಕೆ ತಂದವರು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್‌ಗೆ ಸಲಹೆ ಕೊಡುತ್ತಿದ್ದ ಡಿಕ್ ಮಾರಿಸ್. 1994ರ ಚುನಾವಣೆಯಲ್ಲಿ ಕ್ಲಿಂಟನ್ ಅವರ ಎದುರಾಳಿ ಪಕ್ಷದವರಾದ ರಿಪಬ್ಲಿಕನ್ನರು ಸಂಸತ್ತಿನ ಎರಡೂ ಸದನ ಗೆದ್ದಿದ್ದರು. ಆಗ ಮಾರಿಸ್ ಹೇಳಿದ್ದು ಸುಮ್ನೆ ಎರಡು ಪಕ್ಷಗಳ ನಡುವೆ ನಿಲ್ಲುವುದಲ್ಲ. ಎರಡೂ ಗೂಟಗಳಿಂದ ದೂರದಲ್ಲಿ, ಮೇಲೆ ಮೂರನೇ ಬಿಂದುವಾಗಿ ನಿಲ್ಲಬೇಕು. ಎದುರಾಳಿಗಳ ಜನಪ್ರಿಯ ವಿಷಯವನ್ನು ತಾನೇ ಎತ್ತಿಕೊಂಡು ತನ್ನ ರೀತಿಯಲ್ಲಿ ಜಾರಿ ಮಾಡಬೇಕು. ಆಗ ಅವರ ಕೈಯಲ್ಲಿ ಅಸ್ತ್ರವೇ ಉಳಿಯುವುದಿಲ್ಲ, ಅಲ್ವಾ?

1996ರ ಜನವರಿಯಲ್ಲಿ ಕ್ಲಿಂಟನ್ ರಿಪಬ್ಲಿಕನ್ನರ ಧಾಟಿಯಲ್ಲೇ ‘ದೊಡ್ಡ ಸರ್ಕಾರದ ಕಾಲ ಮುಗಿಯಿತು’ ಎಂದರು. ಆಗಸ್ಟ್‌ನಲ್ಲಿ ಬಡವರ ನೆರವಿನ ಕಾನೂನು ಬದಲಿಸುವ ಮಸೂದೆಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಮತ್ತೆ ಗೆದ್ದರು.

ಇದನ್ನು ‘ಮಧ್ಯಮ ಮಾರ್ಗ’ ಅಂತ ಅನುವಾದ ಮಾಡುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾಜಿಯಲ್ಲಿ ಇಬ್ಬರೂ ಸ್ವಲ್ಪ ಬಿಟ್ಟುಕೊಡುತ್ತಾರೆ. ಇಲ್ಲಿ ನಾಯಕ ತನ್ನ ಪಕ್ಷದವರಿಂದಲೇ ದೂರ ಸರಿಯುತ್ತಾನೆ. ಕ್ಲಿಂಟನ್ ಸಹಿ ಹಾಕಿದ ಆ ಕಾನೂನಿನಿಂದ ಕೇಂದ್ರದ ನಗದು ನೆರವಿಗೆ ಐದು ವರ್ಷದ ಮಿತಿ ಬಿತ್ತು. ಅದರ ಬಿಸಿ ತಟ್ಟಿದ್ದು ಜಾಸ್ತಿ ಒಂಟಿ ತಾಯಂದಿರಿಗೆ.