ಓದುಗರ ಪ್ರಶ್ನೆ: ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಉಬುಂಟು

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ 512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11 ಮತ್ತು ಉಬುಂಟು (ಲಿನಕ್ಸಿನ ಒಂದು ರೂಪ) ಎರಡೂ ಇವೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳಿಗಾಗಿ ವಿಂಡೋಸನ್ನು ಉಳಿಸಿಕೊಂಡಿದ್ದೇನೆ. ಉಬುಂಟುವಿಗೆ ಕೊಟ್ಟಿದ್ದ 50 ಜಿಬಿ ತುಂಬಿದ್ದರಿಂದ ಸಿ ಡ್ರೈವನ್ನು 100 ಜಿಬಿಯಷ್ಟು ಕುಗ್ಗಿಸಿದೆ. ಆದರೂ ಡಿಸ್ಕನ್ನು ಹಂಚುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ಉಬುಂಟು ಪಾರ್ಟಿಷನ್ (ಡಿಸ್ಕಿನ ಭಾಗ) ಹಿಗ್ಗುತ್ತಿಲ್ಲ. ಏನು ಮಾಡಲಿ?
– ಶಿಕ್ಷಕಿ, ಸಾಗರ

ಉತ್ತರ: ಖಾಲಿ ಜಾಗವೇನೋ ಇದೆ, ಆದರೆ ಅದು ಉಬುಂಟುವಿಗೆ ತಾಗಿಕೊಂಡಿಲ್ಲ. ಹೊಸ ಯಂತ್ರಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ಮೊದಲು ಯಂತ್ರವನ್ನು ಆರಂಭಿಸುವ ಕಡತಗಳಿರುವ ಒಂದು ಚಿಕ್ಕ ಇಎಫ್‌ಐ ಪಾರ್ಟಿಷನ್, ಆಮೇಲೆ ತನಗಾಗಿ ಕಾಯ್ದಿರಿಸಿಕೊಂಡ 16 ಎಂಬಿ, ಅನಂತರ ಸಿ ಡ್ರೈವ್, ಅದರ ಬೆನ್ನಿಗೇ ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬೇಕಾಗುವ ರಿಕವರಿ ಪಾರ್ಟಿಷನ್ ಎಂಬ ಕ್ರಮದಲ್ಲಿ ಡಿಸ್ಕನ್ನು ಹಂಚುತ್ತದೆ. ನಿಮ್ಮ ಉಬುಂಟು ಇರುವುದು ಬಹುಮಟ್ಟಿಗೆ ರಿಕವರಿಯ ಆಚೆಗೆ. ಸಿ ಬಿಟ್ಟುಕೊಟ್ಟ 100 ಜಿಬಿ ಉಳಿದಿರುವುದು ಅದರ ಈಚೆಗೆ. ಎರಡು ಹೊಲಗಳ ನಡುವೆ ಮೂರನೆಯವರ ಹಿಸ್ಸೆ ಬಂದ ಹಾಗೆ ಇದು.

ರಿಕವರಿಯನ್ನು ಸಿ ಡ್ರೈವಿನ ಕಡೆಗೆ ಸರಿಸಿ, ಉಬುಂಟುವಿನ ಆರಂಭವನ್ನೂ ಅದರ ಹಿಂದೆಯೇ ಎಳೆದು ತರುವುದು ಅಸಾಧ್ಯವಲ್ಲ. ಆದರೆ ಅದಕ್ಕಾಗಿ ಪೆನ್ ಡ್ರೈವಿನಿಂದಲೇ ನಡೆಯುವ ಲೈವ್ ಉಬುಂಟುವನ್ನು ತೆರೆದು, ಪಾರ್ಟಿಷನ್ನಿನೊಳಗಿನ ದತ್ತಾಂಶವನ್ನೆಲ್ಲ ಹೊಸ ಸ್ಥಾನಕ್ಕೆ ಮತ್ತೆ ಬರೆಯಬೇಕಾಗುತ್ತದೆ. ಆ ಕೆಲಸ ನಡುವೆ ನಿಂತುಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದ ಪಾರ್ಟಿಷನ್ನನ್ನು ಸರಿಪಡಿಸುವುದು ಬಹಳ ಕಷ್ಟ. ಇಷ್ಟು ಜಾಗಕ್ಕಾಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಡಿರೆಂದೇ ನನ್ನ ಸಲಹೆ.

ಖಾಲಿ ಜಾಗವನ್ನು ಇದ್ದಲ್ಲಿಯೇ ಎಕ್ಸ್‌ಟಿ4 (ಲಿನಕ್ಸಿನ ಕಡತ ವ್ಯವಸ್ಥೆ) ಪಾರ್ಟಿಷನ್ ಮಾಡಿ, ನಿಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಅಲ್ಲಿಗೆ ವರ್ಗಾಯಿಸಿ. ಕಡತಗಳ ಒಡೆತನ ಮತ್ತು ಅನುಮತಿಗಳು ಹಾಗೆಯೇ ಉಳಿಯುವಂತೆ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದ ಆರ್ಕೈವ್ ಆಯ್ಕೆಯಿಂದ ನಕಲು ಮಾಡಬೇಕು. ಯಾವ ಪಾರ್ಟಿಷನ್ನನ್ನು ಎಲ್ಲಿ ಜೋಡಿಸಬೇಕೆಂದು ಉಬುಂಟುವಿಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಪಾರ್ಟಿಷನ್ನಿನ ಸಂಖ್ಯೆಯ ಬದಲು ಅದರ ಯುಯುಐಡಿಯನ್ನು (ಅದರದೇ ವಿಶಿಷ್ಟ ಗುರುತು) ನಮೂದಿಸಬೇಕು, ಏಕೆಂದರೆ ಸಂಖ್ಯೆ ಮುಂದೆ ಬದಲಾಗಬಹುದು, ಯುಯುಐಡಿ ಹಾಗೆ ಬದಲಾಗುವುದಿಲ್ಲ. ಹಳೆಯ ಹೋಮ್ ಫೋಲ್ಡರಿನ ಹೆಸರು ಬದಲಿಸಿ ಇಟ್ಟುಕೊಂಡಿದ್ದು, ಎಲ್ಲವೂ ಸರಿಯಾಗಿದೆಯೆಂದು ಖಚಿತವಾದ ಮೇಲಷ್ಟೇ ಅಳಿಸಿ. ಇದಕ್ಕೆಲ್ಲ ಮುನ್ನ ಮುಖ್ಯ ಕಡತಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ಯಾವ ವ್ಯವಸ್ಥೆ ಬೇಕೆಂದು ಕೇಳುವ ಗ್ರಬ್ ಮೆನು ಕಾಣುತ್ತಿಲ್ಲ, ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ. ಉಬುಂಟು ಅಳಿಸಿಹೋಯಿತೇ?
– ವಿದ್ಯಾರ್ಥಿ, ಹಾಸನ

ಉತ್ತರ: ಬಹುಶಃ ಇಲ್ಲ. ಬಯಾಸ್ ಎಂಬ ಹಳೆಯ ಆರಂಭ ವ್ಯವಸ್ಥೆಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಒಂದೇ ಬೂಟ್ ಲೋಡರಿಗೆ (ವ್ಯವಸ್ಥೆಯನ್ನು ತೆರೆಯುವ ಪುಟ್ಟ ತಂತ್ರಾಂಶ) ಎಡೆಯಿದ್ದುದರಿಂದ, ಆಮೇಲೆ ಬಂದದ್ದು ಮೊದಲಿದ್ದುದನ್ನು ಅಳಿಸಿಹಾಕುತ್ತಿತ್ತು. ಬಯಾಸಿನ ಬದಲು ಯುಇಎಫ್‌ಐ ಇರುವ ಹೊಸ ಯಂತ್ರಗಳಲ್ಲಿ ಎರಡರ ಬೂಟ್ ಲೋಡರುಗಳೂ ಇಎಫ್‌ಐ ಪಾರ್ಟಿಷನ್ನಿನ ಬೇರೆ ಬೇರೆ ಫೋಲ್ಡರುಗಳಲ್ಲಿರುತ್ತವೆ. ಯಾವುದು ಮೊದಲು ಎಂಬ ಕ್ರಮವನ್ನು ಮಾತ್ರ ಮದರ್‌ಬೋರ್ಡ್ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನುವಿನ ಕೀಲಿಯನ್ನು (ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಅಥವಾ ಎಫ್9) ಒತ್ತಿ ನೋಡಿ. ಅಲ್ಲಿ ಉಬುಂಟು ಕಾಣಿಸಿದರೆ ಯಂತ್ರದ ಸೆಟಪ್‌ನಲ್ಲಿ ಅದನ್ನು ಮೊದಲ ಸ್ಥಾನಕ್ಕೆ ತಂದರೆ ಸಾಕು, ಮರುಸ್ಥಾಪನೆಯ ಗೋಜೇ ಬೇಡ. ಸೆಟಪ್‌ಗೆ ಕೈಹಾಕುವ ಮೊದಲು ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ಕ್ರಮ ಬದಲಾದುದನ್ನು ಕಂಡು ವಿಂಡೋಸ್ ಆ ಕೀಯನ್ನು ಕೇಳಬಹುದು.

ಆಗಸ್ಟ್ 2024ರ ವಿಂಡೋಸ್ ಅಪ್‌ಡೇಟ್ ತಂದಿದ್ದ ತೊಂದರೆ ಬೇರೆ. ಆಗ ಹಳೆಯ ಲಿನಕ್ಸ್ ಬೂಟ್ ಲೋಡರುಗಳನ್ನು ಸೆಕ್ಯೂರ್ ಬೂಟ್ (ನಂಬಲರ್ಹ ಬೂಟ್ ಲೋಡರುಗಳನ್ನು ಮಾತ್ರ ಬಿಡುವ ಕಾವಲು ವ್ಯವಸ್ಥೆ) ತಿರಸ್ಕರಿಸಿ, ಎಸ್‌ಬ್ಯಾಟ್ (ಬೂಟ್ ಲೋಡರಿನ ಸುರಕ್ಷತಾ ಆವೃತ್ತಿ) ಪರಿಶೀಲನೆ ವಿಫಲವಾಯಿತೆಂಬ ಸಂದೇಶ ತೋರಿಸಿ ಯಂತ್ರವನ್ನು ನಿಲ್ಲಿಸುತ್ತಿತ್ತು. ಅಂಥ ಸಂದೇಶ ಕಂಡರೆ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಉಬುಂಟುವನ್ನು ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ.

ಪ್ರಶ್ನೆ: ಕಡತಗಳ ಪ್ರತಿಯನ್ನು ಡಿ ಡ್ರೈವಿನಲ್ಲಿ ಇಟ್ಟಿದ್ದೇನೆ. ಉಬುಂಟುವಿನಲ್ಲಿ ಟೈಮ್‌ಶಿಫ್ಟ್ ಕೂಡ ಇದೆ. ಇಷ್ಟು ಬ್ಯಾಕಪ್ ಸಾಲದೇ?
– ಲೆಕ್ಕಪತ್ರ ಸಹಾಯಕರು, ಹುಬ್ಬಳ್ಳಿ

ಉತ್ತರ: ಸಾಲದು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಪಾರ್ಟಿಷನ್‌ಗಳಾಗಿದ್ದರೆ ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಟೈಮ್‌ಶಿಫ್ಟ್ ಇರುವುದು ವ್ಯವಸ್ಥೆಯ ಕಡತಗಳನ್ನು ಹಿಂದಿನ ಸ್ಥಿತಿಗೆ ತರಲು. ನೀವಾಗಿಯೇ ಸೇರಿಸದ ಹೊರತು ಹೋಮ್ ಫೋಲ್ಡರ್ ಅದರಲ್ಲಿ ಇರುವುದಿಲ್ಲ. ಹೊರಗಿನ ಒಂದು ಡಿಸ್ಕನ್ನು ಬ್ಯಾಕಪ್ಪಿಗಾಗಿಯೇ ಮೀಸಲಿಟ್ಟು, ಕೆಲಸ ಮುಗಿದೊಡನೆ ಕಳಚಿ ಬೇರೆಡೆ ಇಡಿ. ಅದರ ಕಡತ ವ್ಯವಸ್ಥೆ ಎಕ್ಸ್‌ಫ್ಯಾಟ್ ಆಗಿದ್ದರೆ ಎರಡೂ ವ್ಯವಸ್ಥೆಗಳು ಓದಬಲ್ಲವು, ಆದರೆ ಲಿನಕ್ಸಿನ ಅನುಮತಿಗಳು ಅದರಲ್ಲಿ ಉಳಿಯುವುದಿಲ್ಲ. ದಾಖಲೆಗಳಿಗೆ ಮತ್ತು ಚಿತ್ರಗಳಿಗೆ ಅದರಿಂದ ತೊಂದರೆಯಿಲ್ಲ.

ಪ್ರಶ್ನೆ: ಉಬುಂಟುವಿನಿಂದ ವಿಂಡೋಸಿಗೆ ಬಂದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಬ್ಯಾಟರಿ ಹೋಗಿದೆಯೇ?
– ಓದುಗರು, ಉಡುಪಿ

ಉತ್ತರ: ಬ್ಯಾಟರಿಯ ದೋಷವಲ್ಲ. ಮದರ್‌ಬೋರ್ಡಿನ ಗಡಿಯಾರವನ್ನು ಉಬುಂಟು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತದಲ್ಲಿ ಆ ಎರಡರ ಅಂತರ ಸರಿಯಾಗಿ 5 ಗಂಟೆ 30 ನಿಮಿಷ. ಉಬುಂಟುವಿನಲ್ಲಿ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿದರೆ ಸರಿಹೋಗುತ್ತದೆ.