ಓದುಗರ ಪ್ರಶ್ನೆ: ಕಿಲುಬು ಹಿಡಿದ ಹಳೆಯ ನಾಣ್ಯಗಳು

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ತಾತನವರ ಕಾಲದ ಮಡಕೆಯೊಂದರಲ್ಲಿ ಸುಮಾರು ಮೂವತ್ತು ತಾಮ್ರದ ದುಡ್ಡುಗಳು ದೊರೆತಿವೆ. ಎಲ್ಲಕ್ಕೂ ಹಸಿರು ಕಿಲುಬು ಹಿಡಿದಿದೆ. ಕೆಲವದರ ಮೇಲೆ ಆನೆಯ ಆಕಾರ ಮಸುಕಾಗಿ ಕಾಣುತ್ತದೆ. ಒಂದನ್ನು ಪೂಜೆಯ ಪಾತ್ರೆ ಬೆಳಗುವಂತೆ ಹುಣಸೆಹಣ್ಣು ಮತ್ತು ಉಪ್ಪು ಹಾಕಿ ಉಜ್ಜಿದೆ. ಅದು ಗುಲಾಬಿ ಬಣ್ಣಕ್ಕೆ ತಿರುಗಿತು, ಇದ್ದ ಅಕ್ಷರಗಳೂ ಅಳಿಸಿಹೋದವು. ಉಳಿದವನ್ನು ಕೆಡದಂತೆ ಶುಚಿ ಮಾಡುವುದು ಹೇಗೆ?
– ಓದುಗರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಉಳಿದ ನಾಣ್ಯಗಳನ್ನು ಮುಟ್ಟುವ ಮೊದಲೇ ನೀವು ಕೇಳಿದ್ದು ಒಳ್ಳೆಯದಾಯಿತು. ಕಿಲುಬು ನಾಣ್ಯದ ಮೇಲೆ ಹೊರಗಿನಿಂದ ಬಂದು ಕುಳಿತ ಕೊಳೆಯಲ್ಲ. ತಾಮ್ರವೇ ಗಾಳಿ, ತೇವ ಮತ್ತು ಲವಣಗಳ ಸಂಪರ್ಕದಿಂದ ಬದಲಾಗಿ, ತಳದಲ್ಲಿ ಕೆಂಪು ಆಕ್ಸೈಡ್ ಆಗಿ, ಅದರ ಮೇಲೆ ಹಸಿರು ಕಾರ್ಬೊನೇಟ್ ಆಗಿ ನಿಂತಿರುತ್ತದೆ. ಟಂಕಸಾಲೆಯಲ್ಲಿ ಒತ್ತಿದ ಅಕ್ಷರದ ಅಂಚು ಅನೇಕ ವೇಳೆ ಈ ಪದರದಲ್ಲಿಯೇ ಉಳಿದಿರುತ್ತದೆ; ಹುಳಿ ಪದರವನ್ನು ಕರಗಿಸಿದಾಗ ಅಕ್ಷರವೂ ಅದರೊಡನೆ ಕರಗುತ್ತದೆ. ನಿಂಬೆರಸ, ವಿನೆಗರ್, ಪಾತ್ರೆ ಬೆಳಗುವ ಪುಡಿ, ತಂತಿ ಬ್ರಷ್ಷು ಇವೆಲ್ಲ ಮಾಡುವ ಹಾನಿಯೂ ಇಷ್ಟೇ ದೊಡ್ಡದು.

ಆ ಅಕ್ಷರಗಳು ಎಷ್ಟು ಮುಖ್ಯವೆಂಬುದಕ್ಕೆ ನಿಮ್ಮ ಆನೆ ದುಡ್ಡುಗಳೇ ಸಾಕ್ಷಿ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳ ಮೇಲೂ ಆನೆಯಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಲವು ನಾಣ್ಯಗಳ ಮೇಲೂ ಆನೆಯಿದೆ. ಟಿಪ್ಪುವಿನ ನಾಣ್ಯದ ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಅವನ ಮೌಲೂದಿ ಶಕೆಯ ವರ್ಷವನ್ನು ಅಂಕೆಗಳಲ್ಲಿ ಬಲದಿಂದ ಎಡಕ್ಕೆ ಬರೆದಿರುತ್ತಾರೆ. ಆ ಬರಹ ಅಳಿದರೆ ನಾಣ್ಯ ಯಾವ ಊರಿನಲ್ಲಿ, ಯಾವ ವರ್ಷ ಅಚ್ಚಾಯಿತೆಂದು ಹೇಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಮೊದಲು ಪ್ರತಿಯೊಂದು ನಾಣ್ಯದ ಎರಡೂ ಬದಿಯ ಚಿತ್ರ ತೆಗೆದು, ತೂಕ ಬರೆದಿಟ್ಟುಕೊಳ್ಳಿ. ಅನಂತರ ಭೂತಗನ್ನಡಿ ಹಿಡಿದು ಅವನ್ನು ಎರಡು ಗುಂಪು ಮಾಡಿ. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡಿರುವ ಕಡು ಹಸಿರು ಅಥವಾ ಕಂದು ಪದರ ನಾಣ್ಯವನ್ನು ಕಾಯುತ್ತದೆ; ಅದನ್ನು ತೆಗೆಯುವ ಅಗತ್ಯವೇ ಇಲ್ಲ. ಆದರೆ ತಿಳಿ ಹಸಿರು ಬಣ್ಣದ ಹುಡಿ ಚುಕ್ಕೆಚುಕ್ಕೆಯಾಗಿ ಎದ್ದಿದ್ದು, ಒರೆಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಂಡರೆ ಅದು ಕಂಚಿನ ರೋಗ. ನಾಣ್ಯದೊಳಗೆ ಸೇರಿದ ಕ್ಲೋರೈಡ್ ತೇವದೊಡನೆ ಕೂಡಿ ಆಮ್ಲವಾಗಿ, ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು, ಮತ್ತೆ ಕ್ಲೋರೈಡೇ ಹುಟ್ಟುವ ಚಕ್ರವಿದು. ನೀವು ಹುಣಸೆಹಣ್ಣಿನ ಜೊತೆಗೆ ಬಳಸಿದ ಅಡುಗೆ ಉಪ್ಪು ಕೂಡ ಕ್ಲೋರೈಡೇ ಆದ್ದರಿಂದ, ಆ ಒಂದು ನಾಣ್ಯವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ದಿನ, ದಿನಕ್ಕೊಮ್ಮೆ ನೀರು ಬದಲಿಸುತ್ತಾ ನೆನೆಸಿ ಉಪ್ಪನ್ನು ಹೊರತೆಗೆಯಿರಿ. ಹೋದ ಅಕ್ಷರ ಮರಳಿ ಬಾರದು.

ರೋಗದ ಗುರುತಿಲ್ಲದ ನಾಣ್ಯಗಳ ಮಣ್ಣನ್ನು ಮೆದುಮಾಡಲೂ ಇದೇ ನೀರು ಸಾಕು. ನಮ್ಮ ಜಿಲ್ಲೆಯ ಕೊಳವೆ ಬಾವಿಯ ನೀರಿನಲ್ಲಿ ಲವಣ ಹೆಚ್ಚು, ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ, ಎರಡೂ ಬೇಡ. ಗಾಜಿನ ಪಾತ್ರೆಯಲ್ಲಿ ನೆನೆಸಿ, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಭೂತಗನ್ನಡಿಯ ಕೆಳಗೆ ಮಣ್ಣನ್ನಷ್ಟೇ ಎಬ್ಬಿಸಿ, ನಯವಾದ ಪದರ ಕಂಡಲ್ಲಿ ಕೈ ನಿಲ್ಲಿಸಿ. ಒಂದಕ್ಕೊಂದು ಅಂಟಿದ ನಾಣ್ಯಗಳನ್ನು ಬಲವಂತವಾಗಿ ಬಿಡಿಸಬೇಡಿ. ಸೀಸದ ನಾಣ್ಯವೇನಾದರೂ ಸಿಕ್ಕಿದರೆ ಅದನ್ನು ಈ ನೀರಿಗೆ ಹಾಕಲೇಬಾರದು, ಏಕೆಂದರೆ ಶುದ್ಧ ನೀರು ಸೀಸವನ್ನು ಕರಗಿಸುತ್ತದೆ.

ರೋಗ ಹಿಡಿದವನ್ನು ನೀರಿಗೆ ಹಾಕದೆ, ಬೇರೆಯಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಗಾಳಿಯ ಸಾಪೇಕ್ಷ ತೇವಾಂಶ ಶೇ. 40ಕ್ಕಿಂತ ಕಡಿಮೆಯಿದ್ದರೆ ರೋಗ ಬಹುತೇಕ ನಿಲ್ಲುತ್ತದೆ. ಬೆಂಜೊಟ್ರಯಜೋಲ್‌ನಂಥ ರಾಸಾಯನಿಕದ ಉಪಚಾರ ಮನೆಯಲ್ಲಿ ಮಾಡುವಂಥದ್ದಲ್ಲ, ಅದು ವಿಷಕಾರಿ. ಬೆಂಗಳೂರಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ಪರಿಣತರನ್ನು ಕೇಳಿ. ಇನ್ನು, ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಪರವಾನಗಿಯಿಲ್ಲದೆ ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ.

ಪ್ರಶ್ನೆ: ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಗಳನ್ನು ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ಇಟ್ಟಿದ್ದೆ. ಈಗ ಅವುಗಳ ಮೇಲೆ ಹಸಿರು ಅಂಟು ಕಾಣುತ್ತಿದೆ. ಬೆಳ್ಳಿಗೂ ಕಿಲುಬು ಬರುತ್ತದೆಯೇ?
– ಓದುಗರು, ಚಿಂತಾಮಣಿ

ಉತ್ತರ: ವಿಕ್ಟೋರಿಯಾ ಮತ್ತು ಐದನೆಯ ಜಾರ್ಜ್ ಕಾಲದ ರೂಪಾಯಿಯಲ್ಲಿ ಬೆಳ್ಳಿ ಶೇ. 91.7ರಷ್ಟಿದ್ದು, ಉಳಿದ ಭಾಗ ಮುಖ್ಯವಾಗಿ ತಾಮ್ರ. ಪಿವಿಸಿ ಪ್ಲಾಸ್ಟಿಕ್ ಹಳತಾದಂತೆ ಬಿಡುವ ಆಮ್ಲ ಆ ತಾಮ್ರವನ್ನು ಹಸಿರಾಗಿಸುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಶುದ್ಧ ಅಸಿಟೋನಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅಂಟು ಬಿಡುತ್ತದೆ. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುವುದರಿಂದ ಅದು ಬೇಡ. ನಾಣ್ಯದ ಮೇಲಿನ ತೆಳುವಾದ ಕಪ್ಪು ಛಾಯೆಯನ್ನು ಹಾಗೆಯೇ ಬಿಡಿ. ಆಲ್ಬಮ್ಮನ್ನು ಬದಲಿಸಿ, ಪಿವಿಸಿ ಇಲ್ಲದ ಪಾಲಿಯೆಸ್ಟರ್ ಲಕೋಟೆಗಳಲ್ಲಿ ಇಡಿ.