ಹೃದಯಕ್ಕೆ ಇಂಗಾಲದ ನೂಲು: ಅಪ್ಪನಿಗೆ ಈಗ ಸಿಗುತ್ತದೆಯೇ?

ಬೇಲೂರಿನಲ್ಲಿರುವ ನಿಮ್ಮ ತಂದೆಯವರಿಗೆ ಹೃದಯಾಘಾತವಾಗಿ ಆರು ತಿಂಗಳಾಗಿದೆ ಎಂದು ಬರೆದಿದ್ದೀರಿ. ಇಂಗಾಲದ ನೂಲಿನಿಂದ ಹೃದಯ ಹೊಲಿಯುವ ಸುದ್ದಿ ಓದಿ, ಅದು ಹಾಸನದಲ್ಲೋ ಬೆಂಗಳೂರಿನಲ್ಲೋ ಸಿಗುತ್ತದೆಯೇ, ಒಳಗೆ ಉಳಿದರೆ ವಿಷವಲ್ಲವೇ ಎಂದು ಕೇಳಿದ್ದೀರಿ.

ಸಿಗುವುದಿಲ್ಲ. ರೋಗಿಗಳಿಗೆ ಕೊಡುವ ಚಿಕಿತ್ಸೆಯಾಗಿ ಅದು ಇನ್ನೂ ಬಂದಿಲ್ಲ. 2025ರಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, ಹೊಸ ಚಿಕಿತ್ಸೆ ಎಂದ ಕೂಡಲೇ ಮನೆಮಂದಿಗೆ ಎಷ್ಟು ಆಸೆ ಹುಟ್ಟುತ್ತದೆ ಎಂಬುದನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ನೀವು ಓದಿದ್ದು ಬಹುಶಃ ಅಮೆರಿಕದ ರೈಸ್ ವಿಶ್ವವಿದ್ಯಾಲಯ ಮತ್ತು ಟೆಕ್ಸಾಸ್ ಹಾರ್ಟ್ ಇನ್‌ಸ್ಟಿಟ್ಯೂಟ್ 2019ರಲ್ಲಿ ಪ್ರಕಟಿಸಿದ ಕೆಲಸ. ಆಘಾತವಾದ ಜಾಗದಲ್ಲಿ ಮಾಂಸಖಂಡ ಸತ್ತು ಗಟ್ಟಿ ಕಲೆಯಾಗುತ್ತದೆ. ಬಡಿತದ ವಿದ್ಯುತ್ ಸಂಕೇತ ಅದನ್ನು ಸಲೀಸಾಗಿ ದಾಟಲಾರದು, ಸುತ್ತಿ ಬಳಸಿ ಹೋಗುವಾಗ ಲಯ ತಪ್ಪುವ ಅಪಾಯವಿದೆ. ಅವರು ಕುರಿಗಳ ಹೃದಯದಲ್ಲಿ ಆ ಕಲೆಯ ಆಚೀಚೆಗೆ ನ್ಯಾನೊ ಕೊಳವೆಗಳಿಂದಲೇ, ಅಂದರೆ ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳಿಂದಲೇ, ನೂತ ಎಳೆಯನ್ನು ಹೊಲಿದು ಸಂಕೇತ ದಾಟಿಸಿದರು. ಆದರೆ ಎಳೆ ಸಂಕೇತವನ್ನಷ್ಟೇ ಒಯ್ಯುತ್ತದೆ. ಸತ್ತ ಮಾಂಸಖಂಡ ಮತ್ತೆ ಹಿಂಡಲು ತೊಡಗುವುದಿಲ್ಲ.

ನಾನು ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಎಂ.ಟೆಕ್ ಓದುವಾಗ ವಿದ್ಯುತ್ ಹರಿಯಲೆಂದು ಸಿಲಿಕೋನ್ ರಬ್ಬರಿಗೆ ಇದೇ ಕೊಳವೆಗಳನ್ನು ಬೆರೆಸುತ್ತಿದ್ದೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ವಿವರಿಸಿದ ಮೇಲೆ ಜಗತ್ತಿನ ಗಮನ ಸೆಳೆದ ಈ ಕೊಳವೆಗಳು ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಹಿಟ್ಟಿಗೆ ರವೆ ಬೆರೆಸಿದರೆ ಕಾಳಿಗೆ ಕಾಳು ತಾಗಲು ಬಹಳ ರವೆ ಬೇಕು. ಅದೇ ಒತ್ತು ಶಾವಿಗೆಯ ಎಳೆಗಳಾದರೆ ಒಂದು ಹಿಡಿ ಸಾಕು, ಪಾತ್ರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮಾಮೂಲಿ ಇಂಗಾಲದ ಪುಡಿ ರವೆ, ಈ ಕೊಳವೆ ಶಾವಿಗೆ. ಚೆನ್ನಾಗಿ ಹರಡಿದರೆ ತೂಕದಲ್ಲಿ ಶೇಕಡ 1ಕ್ಕಿಂತ ಕಡಿಮೆ ಹಾಕಿದರೂ ವಿದ್ಯುತ್ತಿಗೆ ದಾರಿಯಾಗುತ್ತದೆ, ರಬ್ಬರಿನ ಮೆದುತನವೂ ಉಳಿಯುತ್ತದೆ. ಮಿಡಿಯುವ ಅಂಗದ ಮೇಲೆ ಕೂರಬೇಕಾದ ವಸ್ತುವಿಗೆ ಈ ಮೆದುತನವೇ ಪ್ರಾಣ.

ಹರಡುವುದೇ ಕಷ್ಟ. ಕೊಳವೆಗಳು ಒಂದನ್ನೊಂದು ಸೆಳೆದುಕೊಂಡು, ಸರಿಯಾಗಿ ತೊಳಸದ ಮುದ್ದೆಯಲ್ಲಿ ಉಳಿಯುವಂಥ ಗಂಟುಗಳಾಗುತ್ತವೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹೆಚ್ಚು ಹೊತ್ತು ಅಲುಗಿಸಿದರೆ ಗಂಟು ಬಿಡುತ್ತದೆ, ಆದರೆ ಕೊಳವೆಗಳೇ ತುಂಡಾಗುತ್ತವೆ. ಒಂದೇ ರಬ್ಬರ್ ಹಾಳೆಯ ಎರಡು ಮೂಲೆಗಳಲ್ಲಿ ವಿದ್ಯುತ್ ಹರಿವಿನ ಎರಡು ಬಗೆಯ ಅಳತೆ ಬಂದಾಗ ನಾನು ತಿಂಗಳುಗಟ್ಟಲೆ ಇದಕ್ಕಾಗಿ ಒದ್ದಾಡಿದ್ದೇನೆ.

ವಿಷದ ಬಗ್ಗೆ ನಿಮ್ಮ ಅನುಮಾನ ನ್ಯಾಯವಾದದ್ದು. 2008ರಲ್ಲಿ ಇಲಿಗಳ ಹೊಟ್ಟೆಯೊಳಕ್ಕೆ ಉದ್ದನೆಯ ಬಹುಪದರದ ಕೊಳವೆಗಳನ್ನು ಸೇರಿಸಿದಾಗ ಕಲ್ನಾರಿನಂತೆಯೇ (ಆಸ್ಬೆಸ್ಟಾಸ್) ಉರಿಯೂತ ಕಾಣಿಸಿತು. ಗಿಡ್ಡ, ಸಿಕ್ಕುಸಿಕ್ಕಾದ ಕೊಳವೆಗಳಿಂದ ಹಾಗಾಗಲಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಒಂದು ನಿರ್ದಿಷ್ಟ ಬಗೆಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ತಯಾರಿಕೆಯಲ್ಲಿ ಬಳಸಿದ ಕಬ್ಬಿಣ, ನಿಕಲ್‌ನ ಚೂರುಗಳೂ ಉಳಿದಿರಬಹುದು. ಆದ್ದರಿಂದ ವಿದ್ಯುತ್ ಎಷ್ಟು ಚೆನ್ನಾಗಿ ಹರಿಯಿತು ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ: ಹತ್ತು ವರ್ಷ ಮಿಡಿದ ಮೇಲೂ ಕೊಳವೆಗಳು ಇದ್ದಲ್ಲೇ ಇರುತ್ತವೆಯೇ?

ಚರ್ಮದ ಹೊರಗೆ ಈ ಚಿಂತೆ ಬಹಳ ಕಡಿಮೆ. ಇಸಿಜಿಗೆ ಅಂಟಿಸುವ ಜೆಲ್ ಪಟ್ಟಿಗಳು ದಿನಗಟ್ಟಲೆ ಇಟ್ಟರೆ ಒಣಗುತ್ತವೆ, ತುರಿಕೆ ತರುತ್ತವೆ. ಜೆಲ್ ಬೇಡದ ನ್ಯಾನೊ ಕೊಳವೆಯ ರಬ್ಬರ್ ಪಟ್ಟಿಗಳು ಈ ವಿದ್ಯೆಯ ಮೊದಲ ನಿಜವಾದ ಉಪಕಾರವಾಗುತ್ತವೆ ಎಂಬುದು ನನ್ನ ನಂಬಿಕೆ.

ತಂದೆಯವರ ಮಾತ್ರೆಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಅವರ ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ಇ.ಎಫ್. ಎಂಬ ಅಂಕಿ ಇರುತ್ತದೆ, ಪ್ರತಿ ಬಡಿತದಲ್ಲಿ ಹೃದಯ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದರ ಲೆಕ್ಕ ಅದು. ಆ ಅಂಕಿ ಶೇಕಡ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಲಯ ತಪ್ಪಿದಾಗ ಒಳಗಿಂದಲೇ ಸರಿಪಡಿಸುವ ಐಸಿಡಿ ಉಪಕರಣ ಅವರಿಗೆ ಬೇಕೇ ಎಂದು ಹೃದ್ರೋಗ ತಜ್ಞರನ್ನು ಈ ವಾರವೇ ಕೇಳಿ. ಅದು ಇವತ್ತು ಸಿಗುತ್ತದೆ.